ಲ್ಯಾಬ್ ರಿಪೋರ್ಟ್ ಸರಿ ಇದೆ, ನೀರಿಗೆ ಥಿನ್ನರ್ ವಾಸನೆ: ಇನ್ನು ಯಾವ ಪರೀಕ್ಷೆ ಮಾಡಿಸಬೇಕು?

ಪ್ರಶ್ನೆ: ನಾವು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದ ಬಡಾವಣೆಯಲ್ಲಿ ಇದ್ದೇವೆ. ವಾರಕ್ಕೆ ಎರಡು ದಿನ ಕಾವೇರಿ ನೀರು ಬರುತ್ತದೆ. ಮಿಕ್ಕ ದಿನ ಬೀದಿಯ ಸಾರ್ವಜನಿಕ ಬೋರ್‌ವೆಲ್ ನೀರು ಬಿಡುತ್ತಾರೆ. ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಕೆಲವು ತಿಂಗಳಿಂದ ಗೀಸರ್ ನೀರು ಬಿಟ್ಟಾಗ ಪೇಂಟ್ ಥಿನ್ನರ್ ತರಹದ ವಾಸನೆ ಬರುತ್ತಿದೆ. ಖಾಸಗಿ ಲ್ಯಾಬಿನಲ್ಲಿ ಐಎಸ್ 10500 ಪ್ರಕಾರ ಪರೀಕ್ಷೆ ಮಾಡಿಸಿದೆವು. ಕುಡಿಯಲು ಯೋಗ್ಯ ಅಂತ ಬಂತು. ಟಿಡಿಎಸ್ ಕೂಡ ಸರಿ ಇದೆ. ಮನೆಯಲ್ಲಿ ಸೊಸೆ ಗರ್ಭಿಣಿ. ಆರ್‌ಒ ಇದೆ, ಅದರ ಮೇಲೆ ಕುದಿಸಿಯೂ ಕುಡಿಯುತ್ತೇವೆ. ಇಷ್ಟು ಸಾಕಾ? ಫ್ಯಾಕ್ಟರಿ ಕೆಮಿಕಲ್ ಸೇರಿದೆಯಾ ಅಂತ ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ ಮೇಡಂ. ನಿಮ್ಮ ಕೈಯಲ್ಲಿರುವ ರಿಪೋರ್ಟ್ ಸುಳ್ಳಲ್ಲ. ಆದರೆ ನೀವು ಕೇಳುತ್ತಿರುವುದಕ್ಕೆ ಅದರಲ್ಲಿ ಉತ್ತರವೇ ಇಲ್ಲ. ಥಿನ್ನರ್, ಡಿಗ್ರೀಸರ್, ಡ್ರೈ ಕ್ಲೀನಿಂಗ್ ದ್ರವ ಇಂಥ ಸಾಲ್ವೆಂಟುಗಳನ್ನು, ಅಂದರೆ ಗ್ರೀಸ್, ಪೇಂಟ್ ಕರಗಿಸುವ ದ್ರವಗಳನ್ನು, ಆ ಪರೀಕ್ಷೆಯಲ್ಲಿ ಯಾರೂ ಹುಡುಕಿಲ್ಲ. ಹುಡುಕದೆ ಇದ್ದದ್ದು ರಿಪೋರ್ಟಿನಲ್ಲಿ ಬರಲು ಸಾಧ್ಯವಿಲ್ಲ ಅಲ್ವಾ?

ವಿವರಕ್ಕೆ ಹೋಗುವ ಮೊದಲು, ಇವತ್ತೇ ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಬೋರ್ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಕಾವೇರಿ ನೀರು ಬಂದ ದಿನ, ಅದು ಸಂಪಿಗೆ ಬೀಳುವ ಮೊದಲೇ ಲೈನಿನಿಂದ ನೇರವಾಗಿ ಸ್ಟೀಲ್ ಪಾತ್ರೆಗಳಲ್ಲಿ ಹಿಡಿದಿಟ್ಟುಕೊಳ್ಳಿ. ಸಾಲದಿದ್ದರೆ ಐಎಸ್‌ಐ ಮುದ್ರೆ ಇರುವ ಕ್ಯಾನ್ ನೀರು ತರಿಸಿ. ಮುದ್ರೆ ಇಲ್ಲದ ಕ್ಯಾನನ್ನು ನಿಮ್ಮ ಪಕ್ಕದ ಬೀದಿಯ ಬೋರ್‌ನಿಂದಲೇ ತುಂಬಿಸಿರಬಹುದು. ಸ್ನಾನದ ಕಡೆಗೂ ಗಮನ ಕೊಡಿ. ಬಿಸಿ ನೀರಿನಿಂದ ಸಾಲ್ವೆಂಟ್ ಬೇಗ ಆವಿಯಾಗುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದೇ ಗಾಳಿಯನ್ನು ಉಸಿರಾಡುತ್ತೇವೆ. ಕುಡಿದು ದೇಹಕ್ಕೆ ಸೇರುವಷ್ಟೇ ಪ್ರಮಾಣ ಸ್ನಾನದಲ್ಲೂ ಸೇರಬಹುದು. ಹಾಗಾಗಿ ಕಿಟಕಿ ತೆಗೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಹದವಾದ ಬಿಸಿಯಲ್ಲಿ ಬೇಗ ಸ್ನಾನ ಮುಗಿಸಲು ಸೊಸೆಗೆ ಹೇಳಿ. ಅವರ ಡಾಕ್ಟರಿಗೂ ವಿಷಯ ತಿಳಿಸಿಡಿ. ಹೆದರಿಸಲು ಹೇಳುತ್ತಿಲ್ಲ. ಗರ್ಭದ ಮೊದಲ ವಾರಗಳಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ಸಾಲ್ವೆಂಟ್ ಮಗುವಿನ ಹೃದಯದ ಬೆಳವಣಿಗೆಗೆ ತೊಂದರೆ ಮಾಡಬಹುದು ಎಂಬ ಸಾಧ್ಯತೆಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಅಪಾಯದ ಲೆಕ್ಕಾಚಾರಕ್ಕೆ ತೆಗೆದುಕೊಂಡಿದೆ. ರಿಪೋರ್ಟ್ ಬರುವವರೆಗೆ ನೀರು ಬದಲಿಸಿಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ.

ಈಗ ಆ ರಿಪೋರ್ಟಿನ ವಿಷಯ. ಐಎಸ್ 10500 ಅಂದರೆ ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಮಾಡಿರುವ ಮಾನಕ. ಸದ್ಯ ಎಲ್ಲರೂ ಬಳಸುವುದು 2012ರ ಆವೃತ್ತಿ. ಅದರಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್, ಸೀಸ, ಆರ್ಸೆನಿಕ್, ಕ್ರೋಮಿಯಂ, ಕೀಟನಾಶಕ, ಬ್ಯಾಕ್ಟೀರಿಯಾ ಎಲ್ಲಕ್ಕೂ ಮಿತಿ ಇದೆ. ಕ್ಲೋರಿನ್ ಹಾಕಿದಾಗ ಹುಟ್ಟುವ ಕ್ಲೋರೋಫಾರ್ಮ್‌ನಂಥ ನಾಲ್ಕು ವಸ್ತುಗಳಿಗೂ ಇದೆ. ಆದರೆ ಟ್ರೈಕ್ಲೋರೋಎಥಿಲೀನ್, ಪರ್‌ಕ್ಲೋರೋಎಥಿಲೀನ್, ಬೆಂಜೀನ್, ಟಾಲ್ವೀನ್, ಕ್ಸೈಲೀನ್ ಎಂಬ ಸಾಲ್ವೆಂಟುಗಳಿಗೆ ಮಿತಿಯೇ ಇಲ್ಲ. ಮಿತಿ ಇಲ್ಲದ್ದನ್ನು ಲ್ಯಾಬ್ ತಾನಾಗಿ ಅಳೆಯುವುದಿಲ್ಲ. ಎಷ್ಟೋ ಸಲ ಲ್ಯಾಬುಗಳು 10500 ಅಂತ ಹೆಸರು ಹೇಳಿ, ಅದರಲ್ಲೂ ಹತ್ತಿಪ್ಪತ್ತು ಅಂಶಗಳನ್ನು ಮಾತ್ರ ನೋಡಿ ಕೊಡುತ್ತವೆ. ನಿಮ್ಮ ರಿಪೋರ್ಟಿನ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಓದಿ. ನಾನು ಹೇಳಿದ ಹೆಸರುಗಳಲ್ಲಿ ಒಂದೂ ಸಿಗಲಿಕ್ಕಿಲ್ಲ.

ಟಿಡಿಎಸ್ ಮೀಟರ್ ಕೂಡ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂಬುದನ್ನು. ಉಪ್ಪು, ಸುಣ್ಣದಂಥವು ಕರೆಂಟ್ ಹರಿಸುತ್ತವೆ, ಸಾಲ್ವೆಂಟ್ ಹರಿಸುವುದಿಲ್ಲ. ಟ್ರೈಕ್ಲೋರೋಎಥಿಲೀನ್ ಅಮೆರಿಕದ ಮಿತಿಯ ನೂರು ಪಟ್ಟು ಇದ್ದರೂ ಮೀಟರಿನ ಅಂಕಿ ಅಲ್ಲಾಡುವುದಿಲ್ಲ. ಆರ್‌ಒ ಮೆಂಬ್ರೇನ್ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಇಂಥ ಸಣ್ಣ ಅಣುಗಳನ್ನು ಪೂರ್ತಿ ತಡೆಯುತ್ತದೆ ಅಂತ ನಂಬುವ ಹಾಗಿಲ್ಲ. ಆರ್‌ಒ ಡಬ್ಬಿಯೊಳಗೆ ಇದಕ್ಕೆ ನಿಜವಾಗಿ ಕೆಲಸ ಮಾಡುವುದು ಕಾರ್ಬನ್ ಕಾರ್ಟ್ರಿಜ್, ಅದೂ ಹೊಸದಾಗಿದ್ದಾಗ. ಯುವಿ ದೀಪದಿಂದ ಬ್ಯಾಕ್ಟೀರಿಯಾ ಸಾಯುತ್ತದೆ, ಸಾಲ್ವೆಂಟ್ ಹೋಗುವುದಿಲ್ಲ. ಕುದಿಸಿದರೆ ಸಾಲ್ವೆಂಟ್ ಬಹುಪಾಲು ಹಾರಿಹೋಗುತ್ತದೆ ಅನ್ನುವುದು ನಿಜ. ಆದರೆ ಅದು ಹೋಗುವುದು ನಿಮ್ಮ ಅಡುಗೆಮನೆಯ ಗಾಳಿಗೆ. ಒಲೆಯ ಮುಂದೆ ನಿಂತವರು ಅದನ್ನೇ ಉಸಿರಾಡಬೇಕು.

ಇನ್ನು ವಾಸನೆ. ಮೊದಲು ಇದೊಂದನ್ನು ಖಚಿತ ಮಾಡಿಕೊಳ್ಳಿ. ಕೊಳೆತ ಮೊಟ್ಟೆಯ ವಾಸನೆ ಆದರೆ ಅದು ಹೈಡ್ರೋಜನ್ ಸಲ್ಫೈಡ್. ಗೀಸರಿನೊಳಗಿನ ಮೆಗ್ನೀಶಿಯಂ ಕಡ್ಡಿಯಿಂದಲೂ ಅದು ಹುಟ್ಟುತ್ತದೆ, ಸಾಲ್ವೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಥಿನ್ನರ್ ವಾಸನೆಯೇ ಆದರೆ ಟಾಲ್ವೀನ್, ಕ್ಸೈಲೀನ್ ಮೇಲೆ ಅನುಮಾನ. ಇವು ಹಾನಿಯ ಮಟ್ಟಕ್ಕೆ ಬರುವ ಎಷ್ಟೋ ಮೊದಲೇ ಮೂಗಿಗೆ ಗೊತ್ತಾಗುತ್ತವೆ. ಟ್ರೈಕ್ಲೋರೋಎಥಿಲೀನ್ ಹಾಗಲ್ಲ. ಅದರ ವಾಸನೆ ಮೂಗಿಗೆ ಗೊತ್ತಾಗುವ ಹೊತ್ತಿಗೆ ನೀರು ಅಮೆರಿಕದ ಮಿತಿಯನ್ನು ಹತ್ತಾರು ಪಟ್ಟು ದಾಟಿರುತ್ತದೆ. ಆದ್ದರಿಂದ ವಾಸನೆ ಬಂದರೆ ಪರೀಕ್ಷೆ ಮಾಡಿಸಲು ಕಾರಣ ಸಿಕ್ಕಿತು ಅಂದುಕೊಳ್ಳಿ, ವಾಸನೆ ನಿಂತಿತು ಅಂತ ಸುಮ್ನೆ ಆಗಬೇಡಿ.

ಲ್ಯಾಬಿಗೆ ಹೋಗುವ ಮೊದಲು ಮನೆಯಲ್ಲೇ ಒಂದಿಷ್ಟು ವಿಚಾರಿಸಬೇಕು. ಆರು ತಿಂಗಳ ಈಚೆಗೆ ಹೊಸ ಪೈಪ್ ಹಾಕಿಸಿದಿರಾ? ಪಿವಿಸಿ ಪೈಪ್ ಅಂಟಿಸುವ ಸಾಲ್ವೆಂಟ್ ಸಿಮೆಂಟಿನಲ್ಲಿ ಟೆಟ್ರಾಹೈಡ್ರೋಫ್ಯೂರಾನ್, ಮೀಥೈಲ್ ಈಥೈಲ್ ಕೀಟೋನ್ ಇರುತ್ತವೆ. ಪ್ಲಂಬರ್ ಜಾಸ್ತಿ ಬಳಿದು ಬಿಟ್ಟರೆ ವಾರಗಟ್ಟಲೆ ವಾಸನೆ ಇರುತ್ತದೆ. ಸಂಪಿಗೋ ಓವರ್‌ಹೆಡ್ ಟ್ಯಾಂಕಿಗೋ ಒಳಗಡೆ ಎಪಾಕ್ಸಿ, ವಾಟರ್‌ಪ್ರೂಫ್ ಪೇಂಟ್ ಹೊಡೆಸಿದಿರಾ? ಅದರಿಂದಲೂ ಕ್ಸೈಲೀನ್, ಟಾಲ್ವೀನ್ ನೀರಿಗೆ ಇಳಿಯುತ್ತವೆ. ಸಂಪಿನ ಪಕ್ಕ ಡೀಸೆಲ್ ಜನರೇಟರ್ ಇದೆಯಾ, ಪೇಂಟ್ ಡಬ್ಬ ಇಟ್ಟಿದ್ದೀರಾ? ಅಕ್ಕಪಕ್ಕದ ಮನೆಗಳಲ್ಲೂ ಇದೇ ವಾಸನೆ ಇದೆಯಾ? ನಿಮ್ಮ ಒಂದೇ ಮನೆಯಲ್ಲಿದ್ದರೆ ಮೂಲ ಮನೆಯೊಳಗೇ ಇರುವ ಸಾಧ್ಯತೆ ಹೆಚ್ಚು. ಇಡೀ ಬೀದಿಯಲ್ಲಿದ್ದರೆ ಬೋರ್ ಕಡೆ ನೋಡಬೇಕು.

ಬೋರ್ ಮೇಲೆ ನನಗೆ ಅನುಮಾನ ಜಾಸ್ತಿ, ಕಾವೇರಿ ಮೇಲೆ ಕಡಿಮೆ. ಕಾರಣ ಹೇಳುತ್ತೇನೆ. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ತೆರೆದ ನದಿಯಲ್ಲಿ ಇಂಥ ರಾಸಾಯನಿಕ ಬಹುಪಾಲು ಗಾಳಿಗೆ ಹಾರಿಹೋಗುತ್ತದೆ. ನೆಲದಡಿಯ ನೀರಿಗೆ ಆ ಅವಕಾಶವಿಲ್ಲ, ಅಲ್ಲಿ ಅದು ದಶಕಗಟ್ಟಲೆ ಉಳಿಯುತ್ತದೆ. ಅದರಲ್ಲೂ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಎಣ್ಣೆಯ ಹಾಗೆ ತೇಲುವುದಿಲ್ಲ, ಕೆಳಕ್ಕೆ ಇಳಿಯುತ್ತಲೇ ಹೋಗಿ ಬಂಡೆಯ ಸಂದಿಗಳಲ್ಲಿ ಕೂರುತ್ತದೆ. ಅಲ್ಲಿಂದ ನಿಧಾನವಾಗಿ ಕರಗುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಟ್ರೈಕ್ಲೋರೋಎಥಿಲೀನ್ ಅಂದರೆ 1.46 ಕಿಲೋ. ಅಮೆರಿಕದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಆ ಒಂದು ಲೀಟರ್ ಪೂರ್ತಿ ಕರಗಿದರೆ ಸುಮಾರು 29 ಕೋಟಿ ಲೀಟರ್ ನೀರನ್ನು ಮಿತಿಯ ಮಟ್ಟಕ್ಕೆ ತರುತ್ತದೆ. ವರ್ಕ್‌ಶಾಪಿನ ಹಿಂದೆ ನೆಲಕ್ಕೆ ಚೆಲ್ಲಿದ ಒಂದು ಬಕೆಟ್ ಏನು ಮಾಡಬಲ್ಲದು ಅಂತ ಇದರಿಂದ ಊಹಿಸಬಹುದು.

ಬೆಂಗಳೂರಿನ ನೆಲ ಈ ಕಷ್ಟವನ್ನು ಇನ್ನೂ ಹೆಚ್ಚಿಸುತ್ತದೆ. ಮೇಲೆ ಸ್ವಲ್ಪ ಮಣ್ಣು, ಸವೆದ ಕಲ್ಲು. ಕೆಳಗೆಲ್ಲ ಗ್ರಾನೈಟ್, ನೈಸ್ ಎಂಬ ಗಟ್ಟಿ ಜಾತಿಯ ಬಂಡೆ. ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಒಂದು ಬೋರ್ ಕೆಟ್ಟಿದ್ದು ಪಕ್ಕದ ಬೋರ್ ಚೆನ್ನಾಗಿರಬಹುದು, ಬಿರುಕು ಯಾವ ಕಡೆ ಓಡಿದೆ ಅನ್ನುವುದರ ಮೇಲೆ ಹೋಗುತ್ತದೆ. ಕೇಸಿಂಗ್ ಪೈಪ್ ಕೂಡ ಮೇಲಿನ ಸಡಿಲ ಪದರದವರೆಗೆ ಮಾತ್ರ ಇಳಿಸುತ್ತಾರೆ. ಅದರ ಸುತ್ತ ಸರಿಯಾಗಿ ಸೀಲ್ ಮಾಡದಿದ್ದರೆ ಮೇಲಿನ ಕೊಳಕು ನೀರು ಪೈಪಿನ ಪಕ್ಕದಿಂದಲೇ ಕೆಳಗಿಳಿಯುತ್ತದೆ. ಹಾಗಾಗಿ ಪಕ್ಕದ ಮನೆಯವರ ರಿಪೋರ್ಟ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ ಇರುವುದನ್ನು ಸರ್ಕಾರಿ ಸಂಸ್ಥೆಗಳೇ ದಾಖಲಿಸಿವೆ. ಕ್ರೋಮಿಯಂ ಬಂದದ್ದು ಮುಖ್ಯವಾಗಿ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಘಟಕಗಳಿಂದ. ಪ್ಲೇಟಿಂಗ್ ಮಾಡುವ ಮೊದಲು ಲೋಹದ ಮೇಲಿನ ಗ್ರೀಸ್ ಪೂರ್ತಿ ತೆಗೆಯಲೇಬೇಕು, ಇಲ್ಲದಿದ್ದರೆ ಲೇಪ ಕೂರುವುದಿಲ್ಲ. ಆ ಗ್ರೀಸ್ ತೆಗೆಯುವ ಕೆಲಸಕ್ಕೆ ಜಗತ್ತಿನಾದ್ಯಂತ ದಶಕಗಳ ಕಾಲ ಬಳಸಿದ್ದು ಟ್ರೈಕ್ಲೋರೋಎಥಿಲೀನ್. ನಿಮ್ಮ ಬೋರ್‌ನಲ್ಲಿ ಅದು ಇದೆ ಅಂತ ನಾನು ಹೇಳುತ್ತಿಲ್ಲ. ಕ್ರೋಮಿಯಂ ನೋಡುವ ಕಡೆ ಇದನ್ನೂ ನೋಡಲೇಬೇಕು ಅನ್ನುತ್ತಿದ್ದೇನೆ. ನಿಮ್ಮ ಹಳೆಯ ರಿಪೋರ್ಟಿನಲ್ಲಿ ಒಟ್ಟು ಕ್ರೋಮಿಯಂ ಸಾಲು ಇದ್ದರೆ ಅದನ್ನೂ ಗಮನಿಸಿ. ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಮಿತಿಯೊಳಗಿದ್ದರೂ ಅದರ ಹತ್ತಿರ ಇದ್ದರೆ ಕಾರ್ಖಾನೆಯ ನೀರು ನಿಮ್ಮ ಬೋರ್‌ಗೆ ತಲುಪುತ್ತಿರಬಹುದು.

ಈ ರೀತಿ ಆಗಿರುವುದು ನಮ್ಮಲ್ಲೇ ಮೊದಲಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಬರ್ನ್ ಎಂಬ ಊರಿನಲ್ಲಿ ನಗರಸಭೆ 1964 ಮತ್ತು 1967ರಲ್ಲಿ ಜಿ, ಎಚ್ ಎಂಬ ಎರಡು ಬಾವಿ ತೋಡಿಸಿತು. ನೀರಿನ ರುಚಿ, ವಾಸನೆ ಸರಿಯಿಲ್ಲ ಅಂತ ಜನ ವರ್ಷಗಟ್ಟಲೆ ದೂರು ಕೊಟ್ಟರು. ಹತ್ತಿರದಲ್ಲಿ ಯಾರೋ ಎಸೆದ ಡ್ರಮ್ಮುಗಳು 1979ರಲ್ಲಿ ಸಿಕ್ಕ ಮೇಲೆ ಸಾಲ್ವೆಂಟ್ ಪರೀಕ್ಷೆ ಮಾಡಿದರು. ಲೀಟರಿಗೆ 267 ಮೈಕ್ರೋಗ್ರಾಂ ಟ್ರೈಕ್ಲೋರೋಎಥಿಲೀನ್ ಸಿಕ್ಕಿತು. ಬಾವಿಗಳನ್ನು ಅದೇ ವರ್ಷ ಮುಚ್ಚಿದರು. ಆ ಊರಿನಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ಹೆಚ್ಚಾಗಿತ್ತು. ತಾಯಿ ಗರ್ಭಿಣಿಯಾಗಿದ್ದಾಗ ಆ ಬಾವಿಗಳ ನೀರು ಕುಡಿದಿದ್ದಕ್ಕೂ ಮಗುವಿನ ಕಾಯಿಲೆಗೂ ನಂಟು ಕಾಣುತ್ತದೆ ಎಂದು ರಾಜ್ಯದ ಆರೋಗ್ಯ ಇಲಾಖೆಯ ಅಧ್ಯಯನ 1990ರ ದಶಕದಲ್ಲಿ ಹೇಳಿತು.

ಇನ್ನೊಂದು ಕಡೆ, ನಾರ್ತ್ ಕ್ಯಾರೊಲಿನಾದ ಕ್ಯಾಂಪ್ ಲೆಜೂನ್ ಎಂಬ ಸೇನಾ ನೆಲೆ. ಅಲ್ಲಿ 1980ರ ಸುಮಾರಿಗೆ ಪರೀಕ್ಷೆ ಮಾಡಲು ಹೊರಟದ್ದು ಕ್ಲೋರಿನ್‌ನಿಂದ ಹುಟ್ಟುವ ವಸ್ತುಗಳನ್ನು. ಆದರೆ ಲ್ಯಾಬಿನವರಿಗೆ ಗ್ರಾಫಿನಲ್ಲಿ ಬೇರೆಯೇ ಗೆರೆಗಳು ಅಡ್ಡ ಬರತೊಡಗಿದವು. ಈ ನೀರಿನಲ್ಲಿ ಸಾಲ್ವೆಂಟ್ ಇದೆ ಅಂತ ಅವರು 1981ರಲ್ಲೇ ಹಾಳೆಯ ಮೇಲೆ ಬರೆದು ಕಳಿಸಿದರು. 1982ರಲ್ಲಿ ನಲ್ಲಿ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ ಲೀಟರಿಗೆ 1,400 ಮೈಕ್ರೋಗ್ರಾಂ ಇತ್ತು. ಬಾವಿಗಳನ್ನು ಮುಚ್ಚಿದ್ದು 1984, 85ರಲ್ಲಿ. ಆ ಸಾಲನ್ನು ಓದಿದ ಯಾರಾದರೂ ಅವತ್ತೇ ಎದ್ದು ಹೋಗಿ ಪಂಪ್ ನಿಲ್ಲಿಸಬೇಕಿತ್ತು. ನಿಮ್ಮ ರಿಪೋರ್ಟಿನಲ್ಲೂ ಕೆಳಗಿನ ಷರಾವನ್ನು, ಟಿಪ್ಪಣಿಯನ್ನು ಬಿಡದೆ ಓದಿ ಅನ್ನುವುದು ಇದಕ್ಕೇ.

ಈಗ ಪರೀಕ್ಷೆಗೆ ಬರೋಣ. ನೀವು ಕೇಳಬೇಕಾದ್ದು ವಿಒಸಿ ಪರೀಕ್ಷೆ. ಬೇಗ ಆವಿಯಾಗುವ ಸಾವಯವ ರಾಸಾಯನಿಕಗಳಿಗೆ ಲ್ಯಾಬಿನವರು ಹೇಳುವ ಹೆಸರು ಅದು. ಜಿಸಿ-ಎಂಎಸ್ ಯಂತ್ರದಲ್ಲಿ, ಪರ್ಜ್ ಅಂಡ್ ಟ್ರ್ಯಾಪ್ ಅಥವಾ ಹೆಡ್‌ಸ್ಪೇಸ್ ವಿಧಾನದಲ್ಲಿ ಮಾಡಬೇಕು ಅಂತ ಹೇಳಿ. ನೀರಿನೊಳಗೆ ಅನಿಲ ಹಾಯಿಸಿ ಸಾಲ್ವೆಂಟನ್ನು ಹೊರಗೆಳೆದು, ಒಂದೊಂದನ್ನೂ ಬೇರೆ ಮಾಡಿ, ಅಣುವಿನ ತುಂಡುಗಳ ತೂಕದಿಂದ ಯಾವುದು ಅಂತ ಗುರುತಿಸುತ್ತಾರೆ. ಅಮೆರಿಕದ 524.2 ಎಂಬ ವಿಧಾನ ಕುಡಿಯುವ ನೀರಿಗೇ ಅಂತ ಇದೆ, ಆ ಸಂಖ್ಯೆ ಹೇಳಿದರೆ ತಿಳಿದವರಿಗೆ ಗೊತ್ತಾಗುತ್ತದೆ. ಬೇಕಾದ ಹೆಸರುಗಳನ್ನು ಬರೆದು ಕೊಡಿ: ಟ್ರೈಕ್ಲೋರೋಎಥಿಲೀನ್, ಪರ್‌ಕ್ಲೋರೋಎಥಿಲೀನ್, ಸಿಸ್-1,2-ಡೈಕ್ಲೋರೋಎಥಿಲೀನ್, ವಿನೈಲ್ ಕ್ಲೋರೈಡ್, ಡೈಕ್ಲೋರೋಮೀಥೇನ್, ಕಾರ್ಬನ್ ಟೆಟ್ರಾಕ್ಲೋರೈಡ್, ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್. ಮೂರನೆಯದು, ನಾಲ್ಕನೆಯದು ಯಾಕೆ ಅಂತೀರಾ? ಆಮ್ಲಜನಕ ಇಲ್ಲದ ನೆಲದಡಿಯಲ್ಲಿ ಬ್ಯಾಕ್ಟೀರಿಯಾಗಳು ಟ್ರೈಕ್ಲೋರೋಎಥಿಲೀನನ್ನು ಒಡೆಯುತ್ತವೆ. ಒಡೆದಾಗ ಹುಟ್ಟುವುದು ಇವೇ. ಕೊನೆಯ ಹಂತದ ವಿನೈಲ್ ಕ್ಲೋರೈಡ್ ಮೂಲ ವಸ್ತುವಿಗಿಂತ ಅಪಾಯಕಾರಿ. ಮೂಲದ್ದು ಸಿಗಲಿಲ್ಲ ಅಂತ ಖುಷಿಪಟ್ಟು ಇದನ್ನು ಬಿಟ್ಟುಬಿಡುವ ಹಾಗಿಲ್ಲ. ಪಟ್ಟಿಯಲ್ಲಿಲ್ಲದ ಗೆರೆ ಗ್ರಾಫಿನಲ್ಲಿ ಕಂಡರೆ ಅದನ್ನೂ ಬರೆದು ಕೊಡಿ ಅಂತ ಮೊದಲೇ ಕೇಳಿಕೊಳ್ಳಿ. ಲೆಜೂನ್‌ನಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು ಅಂಥ ಗೆರೆಗಳೇ.

ಲ್ಯಾಬ್ ಆರಿಸುವಾಗ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅನ್ನುವ ಒಂದು ಮಾತಿಗೆ ನಿಲ್ಲಬೇಡಿ. ಮಾನ್ಯತೆ ಯಾವ ಯಾವ ಪರೀಕ್ಷೆಗೆ ಅನ್ನುವ ಪಟ್ಟಿ ಇರುತ್ತದೆ, ಅದನ್ನು ಸ್ಕೋಪ್ ಅನ್ನುತ್ತಾರೆ. ಕುಡಿಯುವ ನೀರಿನಲ್ಲಿ ವಿಒಸಿ ಅದರಲ್ಲಿ ಇದೆಯಾ ನೋಡಿ. ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲಿರಿ ಅಂತ ಕೇಳಿ. ಟ್ರೈಕ್ಲೋರೋಎಥಿಲೀನಿಗೆ ಲೀಟರಿಗೆ 1 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಅಂದರೆ ಒಳ್ಳೆಯದು. ಕಾರ್ಖಾನೆಯ ಕೊಳಚೆ ನೀರು ಪರೀಕ್ಷಿಸುವ ಕೆಲವು ಕಡೆ ಈ ಮಟ್ಟ ತುಂಬಾ ಮೇಲಿರುತ್ತದೆ. ಅಂಥಲ್ಲಿ ದುಡ್ಡು ಕೊಟ್ಟು ಪ್ರಯೋಜನವಿಲ್ಲ. ಈ ಪರೀಕ್ಷೆ ಸಾಮಾನ್ಯ ಪರೀಕ್ಷೆಗಿಂತ ದುಬಾರಿ. ಬೀದಿಯ ನಾಲ್ಕೈದು ಮನೆಯವರು ಸೇರಿ ಬೋರ್ ನೀರಿನ ಒಂದೇ ಪರೀಕ್ಷೆ ಮಾಡಿಸಿದರೆ ಭಾರ ಕಡಿಮೆ.

ಸ್ಯಾಂಪಲ್ ಹಿಡಿಯುವ ಕಡೆ ನಿಮ್ಮ ಪೂರ್ತಿ ಗಮನ ಬೇಕು. ಹೆಚ್ಚಿನ ಪರೀಕ್ಷೆಗಳು ಕೆಡುವುದು ಯಂತ್ರದಲ್ಲಲ್ಲ, ಬಾಟಲಿಯಲ್ಲಿ. ಸೋಡಾ ಬಾಟಲಿಯ ಮುಚ್ಚಳ ತೆಗೆದಿಟ್ಟರೆ ಗ್ಯಾಸ್ ಹೋದ ಹಾಗೆ, ಸಾಲ್ವೆಂಟ್ ಕೂಡ ಹೋಗಿಬಿಡುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ತುಂಬಿಸಿ, ಬಿಸಿಲಲ್ಲಿ ಸ್ಕೂಟರಿನಲ್ಲಿಟ್ಟು ಒಯ್ದರೆ ರಿಪೋರ್ಟ್ ಶುದ್ಧವಾಗಿ ಬರುತ್ತದೆ. ನೀರು ಶುದ್ಧ ಇರುವುದಿಲ್ಲ.

ಲ್ಯಾಬಿನಿಂದಲೇ 40 ಮಿಲಿಲೀಟರಿನ ಗಾಜಿನ ವಯಲ್‌ಗಳನ್ನು, ಅಂದರೆ ಸಣ್ಣ ಬಾಟಲಿಗಳನ್ನು ತರಿಸಿಕೊಳ್ಳಿ. ಅದರ ಮುಚ್ಚಳದೊಳಗೆ ಟೆಫ್ಲಾನ್ ಪದರ ಇರಬೇಕು. ಒಂದು ಜಾಗಕ್ಕೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು. ವಯಲ್ ಒಳಗೆ ಮೊದಲೇ ಸ್ವಲ್ಪ ಆಮ್ಲವೋ ಪುಡಿಯೋ ಹಾಕಿ ಕೊಡುತ್ತಾರೆ. ಆಮ್ಲ ಇದ್ದರೆ ಬೆಂಜೀನ್, ಟಾಲ್ವೀನನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ. ಪುಡಿ ಇದ್ದರೆ ಅದು ಕ್ಲೋರಿನ್‌ನ ಕೆಲಸವನ್ನು ನಿಲ್ಲಿಸುತ್ತದೆ. ಹಾಗಾಗಿ ವಯಲ್ ತೊಳೆಯಬೇಡಿ, ಉಕ್ಕಿ ಹರಿಯುವ ಹಾಗೆ ತುಂಬಬೇಡಿ, ಕೈಗೆ ತಾಗಿಸಿಕೊಳ್ಳಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಜೊತೆಗೆ ಟ್ರಿಪ್ ಬ್ಲ್ಯಾಂಕ್ ಕೇಳಿ. ಅದು ಲ್ಯಾಬಿನಲ್ಲೇ ಶುದ್ಧ ನೀರು ತುಂಬಿ ಸೀಲ್ ಮಾಡಿದ ವಯಲ್. ತೆರೆಯದೆ ನಿಮ್ಮ ಸ್ಯಾಂಪಲ್ ಜೊತೆ ಹೋಗಿ ಬರುತ್ತದೆ. ಅದರಲ್ಲೂ ಸಾಲ್ವೆಂಟ್ ಸಿಕ್ಕರೆ ಕೆಟ್ಟದ್ದು ದಾರಿಯಲ್ಲೋ ಲ್ಯಾಬಲ್ಲೋ ಅಂತ ಗೊತ್ತಾಗುತ್ತದೆ.

ಎಲ್ಲಿ ಹಿಡಿಯಬೇಕು? ನನ್ನ ಕೇಳಿದರೆ ಮೂರು ಕಡೆ. ಬೋರ್‌ವೆಲ್ ಬಾಯಿಯ ಹತ್ತಿರದ ಕೊಳಾಯಿ, ಸಂಪಿಗೆ ಬೀಳುವ ಮೊದಲು ಕಾವೇರಿ ಲೈನ್, ಅಡುಗೆಮನೆಯ ನಲ್ಲಿ. ದುಡ್ಡು ಒಂದಕ್ಕೇ ಇದ್ದರೆ ಬೋರ್ ಬಾಯಿಯಲ್ಲೇ ಹಿಡಿಯಿರಿ. ಓವರ್‌ಹೆಡ್ ಟ್ಯಾಂಕಿನಿಂದ ಬಂದ ನೀರಿನಲ್ಲಿ ಅರ್ಧಕ್ಕರ್ಧ ಆಗಲೇ ಹಾರಿಹೋಗಿರಬಹುದು. ವಾಟರ್‌ಮ್ಯಾನ್‌ಗೆ ಹೇಳಿ ಬೋರ್ ಕಾಲು ಗಂಟೆಯಾದರೂ ಓಡಿದ ಮೇಲೆ ಹಿಡಿಯಿರಿ, ಪೈಪಿನಲ್ಲಿ ನಿಂತ ನೀರು ಬೇಡ. ಆರ್‌ಒ ನೀರು ಹೇಗೆ ಬರುತ್ತಿದೆ ಅನ್ನುವ ಕುತೂಹಲ ಇದ್ದರೆ ಅದನ್ನು ನಾಲ್ಕನೆಯದಾಗಿ ಬೇರೆ ಮಾಡಿಸಿ.

ನಲ್ಲಿಯ ತುದಿಯಲ್ಲಿ ಜಾಲರಿ ಇದ್ದರೆ ಬಿಚ್ಚಿಡಿ, ಅದು ನೀರಿಗೆ ಗಾಳಿ ಬೆರೆಸುತ್ತದೆ. ಹರಿವನ್ನು ಸಣ್ಣ ಮಾಡಿ. ವಯಲ್ ಓರೆಯಾಗಿ ಹಿಡಿದು, ಗೋಡೆಗುಂಟ ನೀರು ಇಳಿಯುವಂತೆ, ನೊರೆ ಏಳದಂತೆ ತುಂಬಿ. ಕೊನೆಗೆ ಬಾಯಿಯ ಮೇಲೆ ನೀರು ಗುಮ್ಮಟದ ಹಾಗೆ ಉಬ್ಬಿ ನಿಲ್ಲಬೇಕು. ಆಗ ಮುಚ್ಚಳ ಬಿಗಿ ಮಾಡಿ, ತಲೆಕೆಳಗು ಮಾಡಿ, ಬೆರಳಿಂದ ತಟ್ಟಿ ನೋಡಿ. ಗಾಳಿಗುಳ್ಳೆ ಕಂಡರೆ ಆ ವಯಲ್ ಬಿಟ್ಟು ಇನ್ನೊಂದು ತೆಗೆದುಕೊಳ್ಳಿ. ಅವತ್ತು ಕೈಗೆ ಸೆಂಟ್, ಸ್ಯಾನಿಟೈಸರ್, ನೇಲ್ ಪಾಲಿಶ್ ಬೇಡ. ಪೆಟ್ರೋಲ್ ಹಾಕಿಸಿ ನೇರ ಬಂದವರೂ ಹಿಡಿಯಬಾರದು, ಅಷ್ಟು ಸೂಕ್ಷ್ಮ ಅದು. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಜೊತೆ ಇಟ್ಟು ಅವತ್ತೇ ಲ್ಯಾಬಿಗೆ ತಲುಪಿಸಿ. ಸರಿಯಾಗಿ ಆಮ್ಲ ಹಾಕಿ ತಣ್ಣಗಿಟ್ಟರೆ 14 ದಿನದವರೆಗೆ ಪರೀಕ್ಷಿಸಬಹುದು. ಫ್ರೀಜರಿಗೆ ಹಾಕಬೇಡಿ, ಗಾಜು ಒಡೆಯುತ್ತದೆ. ಸಮಯ, ಜಾಗ, ಹಿಡಿದವರ ಹೆಸರು ಬರೆದು ಫೋಟೋ ತೆಗೆದಿಟ್ಟುಕೊಳ್ಳಿ.

ರಿಪೋರ್ಟ್ ಬಂತು ಅನ್ನಿ. ಮೊದಲು ಅಳತೆಯ ಘಟಕ ನೋಡಿ. ಒಂದು ಮಿಲಿಗ್ರಾಂ ಅಂದರೆ 1,000 ಮೈಕ್ರೋಗ್ರಾಂ. 0.005 ಮಿಲಿಗ್ರಾಂ ಅಂತ ಕಂಡರೆ ಅದೇ 5 ಮೈಕ್ರೋಗ್ರಾಂ. ಆಮೇಲೆ ಬಿಡಿಎಲ್ (ಯಂತ್ರ ಪತ್ತೆ ಮಾಡಬಲ್ಲ ಮಟ್ಟಕ್ಕಿಂತ ಕಡಿಮೆ) ಅಂತ ಬರೆದಿದ್ದರೆ ಅದರ ಮುಂದೆ ಎಷ್ಟಕ್ಕಿಂತ ಕಡಿಮೆ ಅಂತ ಇದೆಯಾ ನೋಡಿ. 50 ಮೈಕ್ರೋಗ್ರಾಂಗಿಂತ ಕಡಿಮೆ ಅಂತ ಇದ್ದರೆ, 40 ಇದ್ದರೂ ಅದು ಬಿಡಿಎಲ್ ಆಗಿಯೇ ಬರುತ್ತದೆ. ಆ ರಿಪೋರ್ಟ್ ನಿಮಗೆ ಏನನ್ನೂ ಹೇಳಿದಂತೆ ಆಗಲಿಲ್ಲ.

ಕ್ಲೋರೋಫಾರ್ಮ್, ಬ್ರೋಮೋಡೈಕ್ಲೋರೋಮೀಥೇನ್ ಕಂಡರೆ ಗಾಬರಿ ಬೇಡ. ಕಾವೇರಿ ನೀರಿಗೆ ಕ್ಲೋರಿನ್ ಹಾಕುವುದರಿಂದ ಅವು ಬರುತ್ತವೆ, ನಮ್ಮ ಮಾನಕದಲ್ಲಿ ಕ್ಲೋರೋಫಾರ್ಮಿಗೆ ಲೀಟರಿಗೆ 200 ಮೈಕ್ರೋಗ್ರಾಂ ಮಿತಿ ಇದೆ. ಡೈಕ್ಲೋರೋಮೀಥೇನ್ ಸಣ್ಣ ಪ್ರಮಾಣದಲ್ಲಿ ಬಂದರೆ ಟ್ರಿಪ್ ಬ್ಲ್ಯಾಂಕ್ ಜೊತೆ ಹೋಲಿಸಿ. ಲ್ಯಾಬುಗಳಲ್ಲೇ ಅದನ್ನು ತುಂಬಾ ಬಳಸುತ್ತಾರೆ, ಅಲ್ಲಿಂದಲೂ ಸೇರುತ್ತದೆ.

ಮಿಕ್ಕವಕ್ಕೆ ನಮ್ಮಲ್ಲಿ ಮಿತಿ ಇಲ್ಲದ ಕಾರಣ ಹೊರಗಿನ ಮಿತಿಗಳನ್ನೇ ಇಟ್ಟುಕೊಂಡು ನೋಡಬೇಕು. ಅಮೆರಿಕದಲ್ಲಿ ಟ್ರೈಕ್ಲೋರೋಎಥಿಲೀನ್, ಪರ್‌ಕ್ಲೋರೋಎಥಿಲೀನ್, ಬೆಂಜೀನ್, ಡೈಕ್ಲೋರೋಮೀಥೇನ್, ಕಾರ್ಬನ್ ಟೆಟ್ರಾಕ್ಲೋರೈಡ್ ಐದಕ್ಕೂ ಲೀಟರಿಗೆ 5 ಮೈಕ್ರೋಗ್ರಾಂ. ವಿನೈಲ್ ಕ್ಲೋರೈಡಿಗೆ 2. ಟಾಲ್ವೀನಿಗೆ 1,000. ಕ್ಸೈಲೀನಿಗೆ 10,000. ಯುರೋಪಿನಲ್ಲಿ ಮೊದಲ ಎರಡನ್ನೂ ಕೂಡಿಸಿ 10, ಬೆಂಜೀನಿಗೆ 1. ವಿಶ್ವ ಆರೋಗ್ಯ ಸಂಸ್ಥೆ ಟ್ರೈಕ್ಲೋರೋಎಥಿಲೀನಿಗೆ 8 ಅನ್ನುತ್ತದೆ. ಇದು ಮತ್ತು ಬೆಂಜೀನ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಎಂಬುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಪ್ಪಿದೆ.

ಉದಾಹರಣೆಗೆ ನಿಮ್ಮ ಬೋರ್‌ನಲ್ಲಿ ಟ್ರೈಕ್ಲೋರೋಎಥಿಲೀನ್ 12 ಬಂತು ಅಂತಿಟ್ಟುಕೊಳ್ಳಿ. ಇದುವರೆಗೆ ಕುಡಿದ ನೀರಿಂದ ನಾಳೆಯೇ ಏನೋ ಆಗಿಬಿಡುತ್ತದೆ ಅಂತಲ್ಲ. ಕ್ಯಾನ್ಸರಿನ ಅಪಾಯವನ್ನು ದಿನವೂ ಎರಡು ಲೀಟರ್, ಜೀವಮಾನವಿಡೀ ಕುಡಿದರೆ ಅನ್ನುವ ಲೆಕ್ಕದ ಮೇಲೆ ಅಂದಾಜು ಮಾಡುತ್ತಾರೆ. ಗರ್ಭಿಣಿಯ ವಿಷಯದಲ್ಲಿ ಮಾತ್ರ ಆ ಸಮಾಧಾನ ಸಾಲದು. ಆ ನೀರನ್ನು ಬಿಡಲೇಬೇಕು, ಬೇರೆ ದಿನ ಹಿಡಿದ ಎರಡನೇ ಸ್ಯಾಂಪಲ್ ಮಾಡಿಸಲೇಬೇಕು. ಮಳೆಗಾಲದ ಮುಂಚೆ ಒಂದು, ಆಮೇಲೆ ಒಂದು ಮಾಡಿಸಿದರೆ ಇನ್ನೂ ಒಳ್ಳೆಯದು. ನೀರಿನ ಮಟ್ಟ ಏರಿಳಿದ ಹಾಗೆ ಅಂಕಿ ಬದಲಾಗುತ್ತದೆ.

ಕಾವೇರಿ ಲೈನಿನಲ್ಲೇ ಸಾಲ್ವೆಂಟ್ ಸಿಕ್ಕರೆ? ಅದಕ್ಕೂ ದಾರಿ ಇದೆ. ಸರಬರಾಜು ಇಲ್ಲದ ದಿನ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಸಣ್ಣ ತೂತಿದ್ದರೂ ಸುತ್ತಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತೂತೇ ಇಲ್ಲದಿದ್ದರೂ, ಸಾಲ್ವೆಂಟ್ ಕುಡಿದ ಮಣ್ಣಿನಲ್ಲಿ ಹೂತ ಪಾಲಿಥಿನ್ ಪೈಪು ಮತ್ತು ರಬ್ಬರ್ ಗ್ಯಾಸ್ಕೆಟ್ ಮೂಲಕ ಬೆಂಜೀನ್, ಟಾಲ್ವೀನ್ ಒಳಗೆ ನುಸುಳಬಲ್ಲವು. ಇದು ಜಲಮಂಡಳಿಯವರು ಪೈಪ್ ಬದಲಿಸಿಯೇ ಸರಿಮಾಡಬೇಕಾದ ವಿಷಯ.

ಮನೆಯ ಮಟ್ಟಿಗೆ ಪರಿಹಾರ ಅಂದರೆ ಆ್ಯಕ್ಟಿವೇಟೆಡ್ ಕಾರ್ಬನ್, ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲು. ವಿಒಸಿ ತೆಗೆಯುತ್ತದೆ ಅಂತ ಎನ್‌ಎಸ್‌ಎಫ್ 53 (ಫಿಲ್ಟರುಗಳಿಗೆ ಇರುವ ಅಮೆರಿಕದ ಮಾನಕ) ಪ್ರಮಾಣಪತ್ರ ಇರುವ ಕಾರ್ಬನ್ ಬ್ಲಾಕ್ ತೆಗೆದುಕೊಳ್ಳಿ. ಎಷ್ಟು ಲೀಟರ್ ಆದ ಮೇಲೆ ಬದಲಿಸಬೇಕು ಅಂತ ಅದರ ಮೇಲಿರುತ್ತದೆ, ಅಷ್ಟಕ್ಕೆ ಬದಲಿಸಿ. ತುಂಬಿದ ಕಾರ್ಬನ್ ಹಿಡಿದದ್ದನ್ನು ಮತ್ತೆ ಬಿಡಲೂ ಶುರು ಮಾಡುತ್ತದೆ. ರುಚಿಯಿಂದ ಇದು ಗೊತ್ತಾಗುವುದಿಲ್ಲ. ಔಷಧ ಕಾರ್ಖಾನೆಗಳು ಜಾಸ್ತಿ ಇರುವ ಕಡೆ, ಉದಾಹರಣೆಗೆ ಬೀದರ್‌ನ ಕೊಳಾರದ ಸುತ್ತಮುತ್ತ, ಅಸಿಟೋನ್, ಮೆಥನಾಲ್‌ನಂಥ ನೀರಲ್ಲಿ ಪೂರ್ತಿ ಬೆರೆಯುವ ಸಾಲ್ವೆಂಟ್ ಬಳಕೆ ಹೆಚ್ಚು. ಅವನ್ನು ಕಾರ್ಬನ್ ಸರಿಯಾಗಿ ಹಿಡಿಯುವುದಿಲ್ಲ, ಮೇಲೆ ಹೇಳಿದ ಪರೀಕ್ಷೆಯಲ್ಲೂ ಚೆನ್ನಾಗಿ ಕಾಣುವುದಿಲ್ಲ. ಅಲ್ಲಿನ ಓದುಗರು ಲ್ಯಾಬಿನಲ್ಲಿ ಆ ಹೆಸರುಗಳನ್ನು ಬೇರೆಯಾಗಿಯೇ ಕೇಳಬೇಕು. ಬೀದಿಗೆ, ಊರಿಗೆ ಆಗಬೇಕಾದ ಪರಿಹಾರ ಬೇರೆ. ಗೋಪುರದಲ್ಲಿ ನೀರನ್ನು ಮೇಲಿಂದ ಬೀಳಿಸಿ, ಕೆಳಗಿಂದ ಗಾಳಿ ಊದಿ ಸಾಲ್ವೆಂಟ್ ಬೇರ್ಪಡಿಸುತ್ತಾರೆ, ಅಥವಾ ದೊಡ್ಡ ಕಾರ್ಬನ್ ಹಾಸಿನ ಮೂಲಕ ಹಾಯಿಸುತ್ತಾರೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಸನಿವೇಲ್ ಕಡೆ ಇರುವ ಕನ್ನಡಿಗರಿಗೂ ಒಂದು ಮಾತು. ಸ್ಯಾನ್ ಹೋಸೆಯಲ್ಲಿ ಒಂದು ಚಿಪ್ ಕಾರ್ಖಾನೆಯ ನೆಲದಡಿಯ ಟ್ಯಾಂಕ್ ಸೋರಿ ಕುಡಿಯುವ ನೀರಿನ ಬಾವಿಗೆ ಸಾಲ್ವೆಂಟ್ ಸೇರಿದ್ದು 1981ರಲ್ಲಿ ಬಯಲಾಯಿತು. ಆದರೆ ನಿಮ್ಮ ಕೆಲಸ ಸುಲಭ. ನೀರು ಕೊಡುವ ಸಂಸ್ಥೆ ಪ್ರತಿವರ್ಷ ಜುಲೈ 1ರೊಳಗೆ ಗುಣಮಟ್ಟದ ವರದಿ ಕೊಡಲೇಬೇಕು, ಪತ್ತೆಯಾದ ಸಾಲ್ವೆಂಟುಗಳ ಅಂಕಿ ಅದರಲ್ಲಿರುತ್ತದೆ. ತೆಗೆದು ಓದಿ. ನಮ್ಮ ಬೀದಿಯ ಬೋರ್‌ಗೆ ಅಂಥ ವರದಿ ಮನೆಗೆ ಬರುವುದಿಲ್ಲ. ಬರಬೇಕು ಅಂತ ನಾವು ಗಟ್ಟಿಯಾಗಿ ಕೇಳಲೇಬೇಕು. ತೆರಿಗೆ, ನೀರಿನ ಬಿಲ್ಲು ಕಟ್ಟುವ ಜನ ತಾವು ಕುಡಿಯುವುದರಲ್ಲಿ ಏನಿದೆ ಅಂತ ತಿಳಿಯಲು ಸ್ವಂತ ದುಡ್ಡು ಹಾಕಿ ಲ್ಯಾಬಿಗೆ ಓಡುವುದು ನ್ಯಾಯವಲ್ಲ.

ಹಾಗಾಗಿ ರಿಪೋರ್ಟ್ ಬರುವವರೆಗೆ ಕಾಯದೆ ಜಲಮಂಡಳಿಯ 1916 ಸಹಾಯವಾಣಿಗೆ ದೂರು ಕೊಟ್ಟು ಸಂಖ್ಯೆ ಬರೆದುಕೊಳ್ಳಿ. ನಿಮ್ಮ ಬೀದಿಯ ಬೋರ್ ನೀರನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದರು, ವಿಒಸಿ ನೋಡಿದ್ದರಾ ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ರಿಪೋರ್ಟಿನಲ್ಲಿ ಸಾಲ್ವೆಂಟ್ ಸಿಕ್ಕರೆ ಅದರ ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಾರ್ಖಾನೆಯ ಮೇಲೆ ಕೇಸು ನಿಲ್ಲಬೇಕಾದರೆ 1974ರ ಜಲ ಕಾಯ್ದೆಯ ಪ್ರಕಾರ ಮಂಡಳಿಯವರೇ ಅಲ್ಲಿಗೆ ಬಂದು ಹಿಡಿದ ಸ್ಯಾಂಪಲ್ ಬೇಕು. ಆದ್ದರಿಂದ ಅರ್ಜಿಯಲ್ಲಿ ಬೋರ್ ನೀರನ್ನೂ ಸುತ್ತಲಿನ ಘಟಕಗಳ ಹೊರಹರಿವನ್ನೂ ವಿಒಸಿಗಾಗಿ ಪರೀಕ್ಷಿಸಿ ಅಂತ ಸ್ಪಷ್ಟವಾಗಿ ಬರೆಯಿರಿ. ನೀರು ಕೆಟ್ಟಿದೆ, ಪರೀಕ್ಷಿಸಿ ಅಂತ ಮಾತ್ರ ಬರೆದರೆ ಮತ್ತೆ ಅದೇ ಹಳೆಯ ಪಟ್ಟಿಯ ಪರೀಕ್ಷೆ ಮಾಡಿ ಕಳಿಸುತ್ತಾರೆ. ಬೀದಿಯ ಹತ್ತು ಮನೆಯವರ ಸಹಿ ಇದ್ದರೆ ಅರ್ಜಿಗೆ ಬೆಲೆ ಜಾಸ್ತಿ. ವಾಸನೆ ಯಾವ ತಾರೀಕು, ಯಾವ ಹೊತ್ತು, ಕಾವೇರಿ ದಿನವೋ ಬೋರ್ ದಿನವೋ ಅಂತ ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದರ ಫೋಟೋವನ್ನೂ ಅರ್ಜಿಗೆ ಲಗತ್ತಿಸಿ.